ಮೂರೂವರೆ ಸಾವಿರ ಜಿಂಗಲ್, ಆಮೇಲೆ ಒಂದು 'ಪಲ್'

ಮೊದಲು ಒಂದು ಪ್ರಶ್ನೆ. ಕಾಲೇಜಿನ ಫೇರ್‌ವೆಲ್ ದಿನ ಕೆಕೆ ಅವರ 'ಪಲ್' ಹಾಡು ಕೇಳಿ ಕಣ್ಣು ಒರೆಸಿಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ಸರಿ, ಎತ್ತದೇ ಇರೋರು ಸುಳ್ಳು ಹೇಳ್ತಿದ್ದೀರಿ ಅಂದ್ಕೋತೀನಿ.

ನಾನು ಈ ಹಾಡು ಮೊದಲು ಕೇಳಿದ್ದು ಹುಬ್ಬಳ್ಳಿಯ ಹಾಸ್ಟೆಲ್‌ನಲ್ಲಿ. ಹಿಂದಿ ಅರ್ಧಂಬರ್ಧ ಅರ್ಥ ಆಗ್ತಿತ್ತು, ಆದ್ರೂ ಗಂಟಲು ಕಟ್ಟಿತ್ತು. ಕೆಲಸಕ್ಕೆ ಅಂತ ಇಲ್ಲಿಗೆ ಬಂದು, ಐರೋಲಿಯಲ್ಲಿ ಮೂವರು ಸೇರಿ ರೂಮ್ ಮಾಡಿದ ಮೇಲೆ ಗೊತ್ತಾಯ್ತು, ಅದನ್ನು ಹಾಡಿದವರೂ ನಮ್ಮ ಹಾಗೇ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದವರು ಅಂತ.

ಕೃಷ್ಣಕುಮಾರ್ ಕುನ್ನತ್ ಮಲಯಾಳಿ ಕುಟುಂಬದವರು. ಹುಟ್ಟಿ ಬೆಳೆದದ್ದು ದೆಹಲಿ. ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಕೆಲವು ತಿಂಗಳು ಹೋಟೆಲ್ ಉದ್ಯಮದಲ್ಲಿ ಮಾರ್ಕೆಟಿಂಗ್ ಕೆಲಸ ಮಾಡಿ, 1994ರಲ್ಲಿ ಮುಂಬೈ ಸೇರಿದರು. ಡೆಮೊ ಟೇಪ್ ಹಿಡಿದು ಲೂಯಿ ಬ್ಯಾಂಕ್ಸ್, ರಂಜಿತ್ ಬಾರೋಟ್, ಲೆಸ್ಲಿ ಲೂಯಿಸ್ ಹತ್ತಿರ ಹೋದರು. ಸಿಕ್ಕಿದ್ದು ಜಾಹೀರಾತಿನ ಜಿಂಗಲ್‌ಗಳು. ನಾಲ್ಕು ವರ್ಷದಲ್ಲಿ 11 ಭಾಷೆಗಳಲ್ಲಿ ಸುಮಾರು 3,500 ಜಿಂಗಲ್! ಲೆಕ್ಕ ಹಾಕಿ, ದಿನಕ್ಕೆ ಎರಡಕ್ಕಿಂತ ಹೆಚ್ಚು. ಹಾಡಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ. ಟಿಕೆಟ್ ಕ್ಲೋಸ್ ಮಾಡೋ ನಮಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಅಲ್ವಾ?

ಆ ಜಿಂಗಲ್‌ಗಳ ಪರಿಚಯದಿಂದಲೇ ಆಲ್ಬಂ ಬಂತು. 1999ರ ಏಪ್ರಿಲ್, ಸೋನಿ ಮ್ಯೂಸಿಕ್, ಹೆಸರು 'ಪಲ್'. ಸಂಗೀತ 'ಕಲೋನಿಯಲ್ ಕಸಿನ್ಸ್' ಖ್ಯಾತಿಯ ಲೆಸ್ಲಿ ಲೂಯಿಸ್ ಅವರದು, ಸಾಹಿತ್ಯ ಮೆಹಬೂಬ್ ಅವರದು. ಕೆಕೆಗೆ ಕಿಶೋರ್ ಕುಮಾರ್ ಎಷ್ಟು ಇಷ್ಟವೋ ಬ್ರಯಾನ್ ಆಡಮ್ಸ್, ಬಿಲ್ಲಿ ಜೋಯಲ್ ಕೂಡ ಅಷ್ಟೇ ಇಷ್ಟ. ಹಾಡು ಕೇಳಿದ್ರೆ ಎರಡೂ ಕಾಣ್ತವೆ. ಗಿಟಾರ್ ಮೇಲೆ ನಿಂತಿರೋ ಬ್ಯಾಲಡ್. ಮೆಲ್ಲಗೆ ಶುರುವಾಗತ್ತೆ, ಮಾತಾಡಿದ ಹಾಗೆ. ಬೇಕಾದಾಗ ಮಾತ್ರ ದನಿ ಏರತ್ತೆ. ನಮ್ಮಂಥವರೂ ಹಾಡಬಹುದು ಅನ್ಸತ್ತೆ.

ಆಗ ಖಾಸಗಿ ಎಫ್‌ಎಂ ಇನ್ನೂ ಬಂದಿರಲಿಲ್ಲ. ಕ್ಯಾಸೆಟ್, ಮ್ಯೂಸಿಕ್ ಚಾನೆಲ್, ಅಷ್ಟೇ. 'ಪಲ್', 'ಯಾರೋ' ಎರಡೂ ಚಾರ್ಟ್ ಹತ್ತಿದವು. ಜೂನ್‌ನಲ್ಲಿ 'ಹಮ್ ದಿಲ್ ದೇ ಚುಕೆ ಸನಮ್' ಬಂದು, ಅದೇ ಮೆಹಬೂಬ್ ಬರೆದ 'ತಡಪ್ ತಡಪ್' ಕೆಕೆಯನ್ನು ಸಿನಿಮಾದ ದೊಡ್ಡ ಗಾಯಕರನ್ನಾಗಿ ಮಾಡಿತು. ಎರಡನೇ ಸೋಲೋ ಆಲ್ಬಂ ಬಂದದ್ದು 2008ರಲ್ಲಿ.

ಆದರೆ ಕೌಂಟ್‌ಡೌನ್ ಪಟ್ಟಿ ವಾರಕ್ಕೊಮ್ಮೆ ಬದಲಾಗತ್ತೆ. ಫೈನಲ್ ಇಯರ್ ಹುಡುಗರು ಪ್ರತಿ ವರ್ಷ ಬರ್ತಾರೆ. ಈ ಹಾಡಿನ ನಿಜವಾದ ಚಾರ್ಟ್ ಅದೇ.

ಒಂದು ಶುಕ್ರವಾರ ಮಧ್ಯಾಹ್ನ ನನ್ನ ರೂಮ್‌ಮೇಟ್‌ಗೆ ಕಾಲ್ ಬಂತು. ಸಂಜೆಯೊಳಗೆ ಲಾಗಿನ್ ಬಂದ್. ಕೇಕ್ ಇಲ್ಲ, 'ಲಾಸ್ಟ್ ವರ್ಕಿಂಗ್ ಡೇ' ಅಂತ ಮೇಲ್ ಬರೆಯೋಕೂ ಸಮಯ ಇಲ್ಲ. ರಾತ್ರಿ ಮೊಬೈಲ್‌ನಲ್ಲಿ ಈ ಹಾಡು ಹಾಕಿದ. ಮೂವರೂ ಸುಮ್ನೆ ಕೂತಿದ್ವಿ. ಭಾನುವಾರ ದಾದರ್‌ನಲ್ಲಿ ಹುಬ್ಬಳ್ಳಿ ಟ್ರೈನ್ ಹತ್ತಿಸಿದ್ವಿ. ನಾನು ಏನೋ ಹೇಳಬೇಕು ಅಂದ್ಕೊಂಡಿದ್ದೆ. "ಮುಟ್ಟಿದ ಮೇಲೆ ಫೋನ್ ಮಾಡು" ಅಂದೆ, ಅಷ್ಟೇ. ಆಮೇಲೆ ನಾನೂ ಮಾಡಲಿಲ್ಲ. ಏನು ಮಾತಾಡೋದು ಅನ್ನೋ ಸಂಕೋಚ.

2022ರ ಮೇ 31. ಕೋಲ್ಕತ್ತದ ನಜ್ರುಲ್ ಮಂಚದಲ್ಲಿ ಕಾಲೇಜು ಹುಡುಗರ ಕಾರ್ಯಕ್ರಮ. ಕೆಕೆ ಕೊನೆಗೆ ಹಾಡಿದ್ದು 'ಪಲ್'. ಅದೇ ರಾತ್ರಿ ತೀರಿಕೊಂಡರು. 53 ವರ್ಷ. ಅಂತ್ಯಕ್ರಿಯೆ ನಡೆದದ್ದು ಇಲ್ಲೇ, ವರ್ಸೋವಾದಲ್ಲಿ.

ಮರುದಿನ ಬೆಳಿಗ್ಗೆ ಆ ಗೆಳೆಯನ ಮೆಸೇಜ್: "ನೋಡಿದ್ಯಾ?" ಇಷ್ಟು ವರ್ಷದ ಮೇಲೆ ಬಂದ ಒಂದೇ ಪದ. ನಾನು ಫೋನ್ ಮಾಡಿದೆ. ಇಬ್ಬರೂ ಒಂದು ಗಂಟೆ ಮಾತಾಡಿದ್ವಿ. ಹಾಡಿನ ಬಗ್ಗೆ ಐದು ನಿಮಿಷ ಇರಬಹುದು.

ಗಾಯಕನ ಮುಖ ಕಾಣೋದು ಮುಖ್ಯ ಅಲ್ಲ, ದನಿ ಕೇಳಿಸಬೇಕು ಅಂತ ಕೆಕೆ ನಂಬಿದ್ರು. ನಿಮ್ಮ ಟೀಮ್‌ನಿಂದ ಕೇಕ್ ಇಲ್ಲದೆ ಹೋದವರು ಒಬ್ಬರಾದ್ರೂ ಇರ್ತಾರೆ. ಇವತ್ತು ಮನೆಗೆ ಹೋಗೋ ಲೋಕಲ್‌ನಲ್ಲಿ ಅವರಿಗೊಂದು ಫೋನ್ ಮಾಡಿ. ಇನ್ನೊಂದು ಕೆಟ್ಟ ಸುದ್ದಿ ಬರೋವರೆಗೆ ಕಾಯಬೇಡಿ.