ವಿಜ್ಞಾನವು ಜನರ ಮುಂದೆ ಬರಲಿ
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಪದಾರ್ಥವಿಜ್ಞಾನವು ಪಂಡಿತರ ಸೊತ್ತು, ಪೇಟೆಯ ಜನರಿಗೆ ಅದರಿಂದೇನು ಎಂದು ಕೇಳುವವರು ನಮ್ಮಲ್ಲಿ ಹಲವರುಂಟು. ಅವರಿಗೆ ಉತ್ತರವಾಗಿ ಬೆಂಗಳೂರಿನಲ್ಲಿಯೇ ನಡೆದ ಒಂದು ಉಪನ್ಯಾಸವನ್ನು ನೆನೆಯೋಣ.

೧೯೨೮ನೆಯ ಇಸವಿಯ ಫೆಬ್ರುವರಿ ೨೮ರಂದು ಚಂದ್ರಶೇಖರ ವೆಂಕಟರಾಮನ್ನರು ಕಲಕತ್ತೆಯಲ್ಲಿ ತಮ್ಮ ಶೋಧವನ್ನು ದೃಢಪಡಿಸಿಕೊಂಡರು. ಮಾರ್ಚ್ ೧೬ರಂದು ಬೆಂಗಳೂರಿಗೆ ಬಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ಅದನ್ನು ವಿವರಿಸಿದರು. ಅವರ ಪ್ರಯೋಗಗಳಲ್ಲೊಂದು ಬಹು ಸರಳವಾದುದು. ಬಿಸಿಲಿನಿಂದ ಊದಾ ಬಣ್ಣವನ್ನು ಮಾತ್ರ ಸೋಸಿ, ನಿರ್ಮಲವಾದ ದ್ರವದೊಳಕ್ಕೆ ಹಾಯಿಸುವುದು. ದ್ರವದಿಂದ ಚೆದರಿ ಬಂದ ಬೆಳಕಿಗೆ ಊದಾ ಬಣ್ಣವನ್ನು ತಡೆಯುವ ಹಸುರು ಗಾಜನ್ನು ಅಡ್ಡ ಹಿಡಿಯುವುದು. ಬಣ್ಣವು ಬದಲಾಗದಿದ್ದರೆ ಕತ್ತಲೆಯೇ ಕಾಣಬೇಕು. ಆದರೆ ಮಂದವಾದ ಬೆಳಕು ಕಂಡಿತು! ಬೆಳಕಿನ ಅಲ್ಪಾಂಶವು ತನ್ನ ಶಕ್ತಿಯಲ್ಲಿ ಕೊಂಚವನ್ನು ದ್ರವದ ಅಣುಗಳಿಗೆ ಕೊಟ್ಟು, ಬೇರೆ ಬಣ್ಣ ತಾಳಿ ಹೊರಬಂದಿತ್ತು. ೧೯೩೦ರಲ್ಲಿ ಈ ಶೋಧಕ್ಕೆ ನೊಬೆಲ್ ಪಾರಿತೋಷಕವು ಸಂದಿತು.

ನ್ಯಾಯಾಲಯದಲ್ಲಿ ದುಡಿಯುವ ನಮಗೆ ಇಲ್ಲಿ ಒಂದು ಸಂಗತಿಯು ಬಹಳ ಹಿಡಿಸುತ್ತದೆ. ವಿಜ್ಞಾನಿಯು "ನಮ್ಮನ್ನು ನಂಬಿರಿ" ಎನ್ನುವುದಿಲ್ಲ. ಬಿಸಿಲು, ದ್ರವ, ಎರಡು ಗಾಜು, ಇವನ್ನೇ ಸಾಕ್ಷಿಗಳಾಗಿ ನಿಲ್ಲಿಸುತ್ತಾನೆ. ತೀರ್ಪು ನೋಡುವವರದು.

ಈ ಶೋಧವು ನಡೆದ ಸ್ಥಳವಾವುದು? ದೇಶೀಯರು ವಿಜ್ಞಾನವನ್ನು ಕೇಳಬೇಕು, ತಾವೇ ಮಾಡಲೂ ಬೇಕೆಂದು ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ೧೮೭೬ರಲ್ಲಿ ಜನರ ದಾನದಿಂದ ಕಟ್ಟಿದ ಸಂಸ್ಥೆ. ಅಲ್ಲಿ ವರ್ಷಗಟ್ಟಲೆ ಉಪನ್ಯಾಸಗಳು ನಡೆದವು. ೧೯೦೭ರಲ್ಲಿ ಸರಕಾರದ ಲೆಕ್ಕಪತ್ರ ಇಲಾಖೆಯ ತರುಣ ಅಧಿಕಾರಿಯೊಬ್ಬನು ಅದರ ಬಾಗಿಲು ತಟ್ಟಿದನು, ಅವನೇ ರಾಮನ್! ಉಪನ್ಯಾಸಮಂದಿರವು ಮೊದಲು, ಮಹಾಶೋಧವು ಅನಂತರ. ಲಂಡನ್ನಿನಲ್ಲಿಯೂ ಹೀಗೆಯೇ ಆಯಿತು. ೧೮೧೨ರಲ್ಲಿ ಡೇವಿಯ ಉಪನ್ಯಾಸಗಳನ್ನು ಕೇಳಿ ಬರೆದಿಟ್ಟುಕೊಂಡ, ಪುಸ್ತಕಕ್ಕೆ ರಟ್ಟು ಕಟ್ಟುವ ಹುಡುಗನೇ ಮುಂದೆ ಮೈಕೇಲ್ ಫ್ಯಾರಡೆಯಾದನು.

ಕನ್ನಡದಲ್ಲಿ ಇವನ್ನು ಹೇಳಲಾಗದೆನ್ನುವವರಿಗೆ ೧೯೧೮ರಲ್ಲಿಯೇ ಉತ್ತರ ದೊರೆತಿದೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಆ ವರ್ಷ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಭಾಷೆಗೆ ಶಕ್ತಿಯುಂಟು, ಬೇಕಾದುದು ನಮ್ಮ ಪ್ರಯತ್ನ.

ಇದು ಕೇವಲ ವಿನೋದದ ಮಾತಲ್ಲ. ೧೯೪೫ರ ಆಗಸ್ಟ್ ೬ರಂದು ಹಿರೋಶಿಮಾ ನಗರವು ಒಂದೇ ಬಾಂಬಿನಿಂದ ಹಾಳಾಯಿತು. ಪರಮಾಣುವಿನ ಅರ್ಥವನ್ನರಿಯದ ಪ್ರಜೆಯು ಅದರ ವಿಷಯದಲ್ಲಿ ಮತವನ್ನು ಹೇಗೆ ಕೊಟ್ಟಾನು? ತಿಳಿದವರು ನಿರ್ಣಯಿಸುವರು, ಉಳಿದವರು ತಲೆಬಾಗುವರು. ಅಂತಹುದಕ್ಕೆ ಸ್ವರಾಜ್ಯವೆಂದು ಹೆಸರಿಡಬಹುದೇ?

ಆದುದರಿಂದ ತಾಲೂಕಿಗೊಂದು ಶಾಲೆಯಲ್ಲಾದರೂ ತಿಂಗಳಿಗೊಮ್ಮೆ ವಿಜ್ಞಾನಿಗಳನ್ನು ಕರೆಸಿರಿ. ಪ್ರಯೋಗವನ್ನು ಕಣ್ಣೆದುರು ಮಾಡಿಸಿರಿ. ಕೊನೆಯ ಅರ್ಧ ಗಂಟೆಯನ್ನು ಪ್ರಶ್ನೆಗಳಿಗೆ ಮೀಸಲಿಡಿರಿ. ಪಾಟೀಸವಾಲಿಲ್ಲದ ಸಾಕ್ಷ್ಯವನ್ನು ನಾವು ನ್ಯಾಯಾಲಯದಲ್ಲಿ ಒಪ್ಪುವುದಿಲ್ಲ, ಉಪನ್ಯಾಸಮಂದಿರದಲ್ಲಿಯೂ ಒಪ್ಪದಿರೋಣ.