ಇರುಳ ಗಾಳಿಯಲ್ಲಿ ಹುಟ್ಟುವ ಕಣಗಳು



ಹಗಲಿನ ದೂಳು ರಾತ್ರಿ ನೆಲಕ್ಕಿಳಿದು ಗಾಳಿ ತಿಳಿಯಾಗುತ್ತದೆ ಎಂಬುದು ಜನಸಾಮಾನ್ಯರ ನಂಬಿಕೆ. ದಪ್ಪ ದೂಳಿನ ಮಟ್ಟಿಗೆ ಇದು ನಿಜ. ಆದರೆ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ಇರುಳಿನಲ್ಲಿಯೂ ಹುಟ್ಟುತ್ತವೆ, ಬೆಳೆಯುತ್ತವೆ. ಅನಿಲಗಳೇ ಗಾಳಿಯಲ್ಲಿ ಕೂಡಿ ಕಣಗಳಾಗುತ್ತವೆ.

ಲಾರಿ, ಜನರೇಟರು, ಬಾಯ್ಲರುಗಳ ಹೊಗೆಯಿಂದ ನೈಟ್ರೋಜನ್ ಡೈಆಕ್ಸೈಡ್ ಉಂಟಾಗುತ್ತದೆ. ಅದು ಓಜೋನಿನೊಡನೆ ವರ್ತಿಸಿದಾಗ ನೈಟ್ರೇಟ್ ರ‍್ಯಾಡಿಕಲ್ ಹುಟ್ಟುತ್ತದೆ. ಹಗಲಿನಲ್ಲಿ ಸೂರ್ಯನ ಬೆಳಕು ಇದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯುತ್ತದೆ. ಕತ್ತಲಲ್ಲಿ ಅದು ಉಳಿದು, ಮತ್ತಷ್ಟು ನೈಟ್ರೋಜನ್ ಡೈಆಕ್ಸೈಡಿನೊಡನೆ ಸೇರಿ, ತೇವದ ಕಣಗಳ ಮೇಲೆ ನೈಟ್ರಿಕ್ ಆಮ್ಲವಾಗುತ್ತದೆ. ಕೊಟ್ಟಿಗೆಯಿಂದಲೂ ಯೂರಿಯಾ ಚೆಲ್ಲಿದ ಹೊಲದಿಂದಲೂ ಏಳುವ ಅಮೋನಿಯಾ ಈ ಆಮ್ಲದೊಡನೆ ಬೆರೆತರೆ ಅಮೋನಿಯಂ ನೈಟ್ರೇಟ್ ಸಿದ್ಧ. ರೈತರು ಬಲ್ಲ ಗೊಬ್ಬರದ ಲವಣವೇ ಇಲ್ಲಿ ಉಸಿರಿನ ವಿಷವಾಗುತ್ತದೆ. ಚಳಿಯೂ ತೇವವೂ ಇದಕ್ಕೆ ಅನುಕೂಲ.

ದೆಹಲಿಯ ಚಳಿಗಾಲದ ಇರುಳು ಇನ್ನೊಂದು ದಾರಿಯನ್ನು ತೋರಿಸಿತು. ಅಲ್ಲಿ ವಾಹನಗಳ ನೈಟ್ರಿಕ್ ಆಕ್ಸೈಡ್ ರಾತ್ರಿಯ ಓಜೋನನ್ನು ಕಬಳಿಸುವುದರಿಂದ ಮೊದಲಿನ ಕ್ರಿಯೆ ಕುಗ್ಗುತ್ತದೆ. ಆದರೂ ಕಣಗಳು ರಾತ್ರಿಯಲ್ಲಿಯೇ ವೇಗವಾಗಿ ಬೆಳೆಯುತ್ತಿದ್ದವು. ಕಾನ್ಪುರದ ಐಐಟಿಯ ವಿಜ್ಞಾನಿಗಳೂ ಸೇರಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಕಾರಣವನ್ನು ವಿವರಿಸಿತು: ಕಟ್ಟಿಗೆ, ಸಗಣಿ, ಕೃಷಿತ್ಯಾಜ್ಯಗಳನ್ನು ಉರಿಸಿದಾಗ ಏಳುವ ಸಾವಯವ ಆವಿಗಳು, ಉಷ್ಣತೆ ಇಳಿದಂತೆ, ಅತಿಸೂಕ್ಷ್ಮ ಕಣಗಳ ಮೇಲೆ ಘನೀಭವಿಸುತ್ತವೆ.

ದೆಹಲಿ ದೂರವಿರಬಹುದು, ಈ ನಿಯಮ ದೂರದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕೈಗಾರಿಕಾ ಪ್ರದೇಶ. ಅದರ ಸುತ್ತ ಹೊಲಗಳೂ ಊರುಗಳೂ ಇವೆ. ನಿರಭ್ರವಾದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ತಂಪು ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ನಿಂತು, ಬೋರಲು ಹಾಕಿದ ಮಡಕೆಯಂತೆ ಹೊಗೆಯನ್ನು ಹಿಡಿದಿಡುತ್ತದೆ. ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಈ ಹಿಡಿತ ಇನ್ನೂ ಬಿಗಿ. ಮುಂಜಾನೆ ಕಾಣುವ ಬಿಳಿಯ ಮುಸುಕೆಲ್ಲವೂ ಮಂಜಾಗಿರಬೇಕಿಲ್ಲ.

2009ರ ರಾಷ್ಟ್ರೀಯ ಮಾನದಂಡದಂತೆ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು 24 ಗಂಟೆಗಳ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ. ಹಗಲಿರುಳು ಕೂಡಿಸಿದ ಸರಾಸರಿಯಲ್ಲಿ ಇರುಳಿನ ಏರಿಕೆ ಅಡಗಿಹೋಗುತ್ತದೆ. ಆದ್ದರಿಂದ ಕೈಗಾರಿಕಾ ಪ್ರದೇಶದ ಗಾಳಿಗೆ ಗಂಟೆಗಂಟೆಯ ಅಳತೆ ಬೇಕು. ಗ್ರಾಮಸಭೆಗಳು ಅದನ್ನು ಕೇಳಬೇಕು.

ಕೇಳುವವರು ಮಾಡಬೇಕಾದುದೂ ಉಂಟು. ಸಂಜೆ ತರಗೆಲೆಗೆ, ಪ್ಲಾಸ್ಟಿಕ್ಕಿಗೆ ಬೆಂಕಿಯಿಡುವುದನ್ನು ನಿಲ್ಲಿಸಬೇಕು. ತರಗೆಲೆ ತಿಪ್ಪೆಗೆ ಸೇರಲಿ. ಯೂರಿಯಾವನ್ನು ಮೇಲೆ ಚೆಲ್ಲದೆ ಮಣ್ಣಿನಲ್ಲಿ ಮುಚ್ಚಬೇಕು. ಆಗ ಸಾರಜನಕ ಬೆಳೆಗೆ ಉಳಿಯುತ್ತದೆ, ಗಾಳಿಗೆ ಅಮೋನಿಯಾ ಕಡಿಮೆಯಾಗುತ್ತದೆ. ಕಾರ್ಖಾನೆಯ ಚಿಮಣಿಗೆ ಕಾನೂನು ಬೇಕು. ಹಿತ್ತಲ ಬೆಂಕಿಯನ್ನು ಆರಿಸಲು ಮನೆಯವರ ಮನಸ್ಸೇ ಸಾಕು.