ರೆಕ್ಕೆ ನಮ್ಮದು, ಎಂಜಿನ್ ಇನ್ನೂ ಬಾಕಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ವಿದ್ಯಾರ್ಥಿಗಳಿಗೆ ಮಾಡಿದ ಭಾಷಣ)



ಭಾರತದ ವಿಮಾನಯಾನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದರು. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ವಿಮಾನ ಕಟ್ಟಿದವನಲ್ಲ. ಆದರೂ ಈ ಕಥೆಯಲ್ಲಿ ನಿಮಗೊಂದು ಪಾಲಿದೆ ಎಂದು ಒಪ್ಪಿಕೊಂಡೆ.

1932ರ ಅಕ್ಟೋಬರ್ 8ರಂದು ನಮ್ಮ ವಾಯುಪಡೆ ಸ್ಥಾಪನೆಯಾಯಿತು. ಸರಿಯಾಗಿ ಒಂದು ವಾರಕ್ಕೆ, 15ರಂದು, ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯಿಂದ ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮೂಲಕ ಅಂಚೆಯನ್ನು ಮದರಾಸಿಗೆ ಒಯ್ದರು. ಹೀಗೆ ಸೇನೆಯ ಹಾರಾಟ, ನಾಗರಿಕ ಹಾರಾಟ ಎರಡೂ ಅವಳಿಗಳಂತೆ ಹುಟ್ಟಿ ಬೆಳೆದವು. 1947ರ ಅಕ್ಟೋಬರಿನಲ್ಲಿ ಶ್ರೀನಗರಕ್ಕೆ ಸೈನಿಕರನ್ನು ಸಾಗಿಸಲು ವಾಯುಪಡೆಯ ಡಕೋಟಾಗಳ ಜೊತೆ ಖಾಸಗಿ ಕಂಪನಿಗಳ ಡಕೋಟಾಗಳೂ ಹಾರಿದವು.

ಹಾರಿಸುವುದನ್ನು ಕಲಿತೆವು. ಕಟ್ಟುವುದು? 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಅಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2, 1951ರಲ್ಲಿ ಹಾರಿತು. 1961ರಲ್ಲಿ 'ಮಾರುತ್' ಎಂಬ ಯುದ್ಧವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅದರ ಮುಖ್ಯ ವಿನ್ಯಾಸಕಾರರು. 1971ರ ಯುದ್ಧದಲ್ಲಿ ಅದು ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. ಆದರೆ ಅದರ ಮೈಕಟ್ಟಿಗೆ ತಕ್ಕ ಬಲಶಾಲಿ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ತೇಜಸ್ ಹಾರಿತು. ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಕಂಪ್ಯೂಟರುಗಳು ಕ್ಷಣಕ್ಷಣವೂ ರೆಕ್ಕೆಯ ಅಂಚುಗಳನ್ನು ತಿದ್ದುತ್ತಿದ್ದರೆ ಮಾತ್ರ ಅದು ಸಮತೋಲನದಲ್ಲಿರುತ್ತದೆ. ಆ ಸಾಫ್ಟ್‌ವೇರನ್ನು ನಮ್ಮವರೇ ಬರೆದರು. ಎಂಜಿನ್ ಮಾತ್ರ ಅಮೆರಿಕದ್ದು. ಬೆಂಗಳೂರಿನಲ್ಲೇ ರೂಪಿಸಿದ 'ಕಾವೇರಿ' ಎಂಜಿನ್ ತೇಜಸ್‌ಗೆ ಬೇಕಾದಷ್ಟು ನೂಕುಬಲ ಕೊಡಲಿಲ್ಲ.

ಏಕಿಷ್ಟು ಕಷ್ಟ? ಜೆಟ್ ಎಂಜಿನ್ನಿನ ಒಳಗೆ ಟರ್ಬೈನಿನ ಅಲಗುಗಳು ತಿರುಗುತ್ತವೆ. ಅವುಗಳಿಗೆ ಬಡಿಯುವ ಅನಿಲದ ಉಷ್ಣತೆ ಆ ಲೋಹ ಕರಗುವ ಮಟ್ಟವನ್ನೂ ಮೀರಿರುತ್ತದೆ. ಅಲಗಿನೊಳಗೆ ಸಣ್ಣ ಸಣ್ಣ ರಂಧ್ರಗಳನ್ನು ಮಾಡಿ, ಗಾಳಿ ಹಾಯಿಸಿ, ಕರಗದಂತೆ ಕಾಪಾಡಬೇಕು. ಇದಕ್ಕೆ ಲೋಹಶಾಸ್ತ್ರ ಬೇಕು, ಎರಕದ ಕೌಶಲ ಬೇಕು, ಪರೀಕ್ಷಾಲಯ ಬೇಕು, ಸೋತರೂ ಬಿಡದ ತಾಳ್ಮೆ ಬೇಕು.

ಮಕ್ಕಳೇ, ನಿಮ್ಮಲ್ಲಿ ಮುಂದೇನು ಓದುತ್ತೀರಿ ಎಂದು ಕೇಳಿದರೆ ಬಹಳ ಮಂದಿ 'ಸಾಫ್ಟ್‌ವೇರ್' ಎನ್ನುತ್ತೀರಿ. ಸಂತೋಷ, ಆ ಕೆಲಸ ನನಗೆ ಅನ್ನ ಕೊಟ್ಟಿದೆ. ಆದರೆ ಎಲ್ಲರೂ ನನ್ನ ದಾರಿಗೇ ಬರಬೇಡಿ. ಐಟಿಐ ಫಿಟ್ಟರ್, ಡಿಪ್ಲೊಮಾ ಓದಿದವರು, ಲೋಹ ಬಲ್ಲವರು, ಭೌತಶಾಸ್ತ್ರ ಪ್ರೀತಿಸುವವರು ಸೇರಿದರೇ ಎಂಜಿನ್ ಆಗುವುದು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ನಿಲುಕದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಲೋಹಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

ಈ ಶಾಲೆಯ ಶತಮಾನೋತ್ಸವದ ವೇದಿಕೆಯಲ್ಲಿ, ನಮ್ಮದೇ ಎಂಜಿನ್ ಕಟ್ಟಿದ ಇಲ್ಲಿನ ವಿದ್ಯಾರ್ಥಿನಿಯೊಬ್ಬಳು ಮಾತಾಡುವಂತಾಗಲಿ.